ಒಂದೇ ಡೈನೋಸಾರ್, ಹಲವು ಮ್ಯೂಸಿಯಂ: ನಾನು ಹೋಲಿಸಿದ ಬಗೆ

ಮ್ಯೂಸಿಯಂಗಳನ್ನು ಹೋಲಿಸೋಕೆ ಆಗಲ್ಲ, ಅದು ಅವರವರ ರುಚಿ ಅಂತ ಗೆಳೆಯರೆಲ್ಲ ವಾದ ಮಾಡುತ್ತಿದ್ದರು. ಆಗುತ್ತೆ. ಆದರೆ ಹೋದಲ್ಲೆಲ್ಲ ಒಂದೇ ವಸ್ತುವನ್ನು ನೋಡಬೇಕು.

ಮೊದಮೊದಲು ಹತ್ತಕ್ಕೆ ಇಷ್ಟು ಅಂತ ಅಂಕ ಹಾಕುತ್ತಿದ್ದೆ. ಎಲ್ಲಕ್ಕೂ ಏಳೂವರೆ, ಇಲ್ಲಾ ಎಂಟು. ಆಮೇಲೆ ಯಾವ ಹಾಲ್‌ನಲ್ಲಿ ಎಷ್ಟು ಹೊತ್ತು ಇದ್ದೆ ಅಂತ ಬರೆದಿಟ್ಟೆ. ಗೆದ್ದಿದ್ದು ಬೆಂಚು ಜಾಸ್ತಿ ಇದ್ದ ಹಾಲ್‌ಗಳು! ದುಡ್ಡೂ ದಂಡ. ಒಂದು ಹೆಸರಾಂತ ಮ್ಯೂಸಿಯಂನ ವಿಶೇಷ ಪ್ರದರ್ಶನಕ್ಕೆ ಬೇರೆ ಟಿಕೆಟ್, ಅದೂ ಪ್ರವೇಶ ಶುಲ್ಕಕ್ಕಿಂತ ಜಾಸ್ತಿ. ಒಳಗೆ ನೋಡಿದರೆ ಕತ್ತು ಅಲ್ಲಾಡಿಸೋ ರಬ್ಬರ್ ಡೈನೋಸಾರ್‌ಗಳು. ಅವತ್ತಿನಿಂದ ವಿಶೇಷ ಪ್ರದರ್ಶನ ಬಂದ್.

ದಾರಿ ತೋರಿಸಿದ್ದು ಡಿಪ್ಲೊಡೋಕಸ್ ಅನ್ನೋ ಉದ್ದ ಕತ್ತು, ಉದ್ದ ಬಾಲದ ಡೈನೋಸಾರ್. ಅಮೆರಿಕದ ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಅದರ ಅಸ್ಥಿಪಂಜರದ ಪ್ಲಾಸ್ಟರ್ ಅಚ್ಚನ್ನು 1905ರಲ್ಲಿ ಲಂಡನ್‌ನ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಕೊಟ್ಟ. 1908ರಲ್ಲಿ ಬರ್ಲಿನ್, ಪ್ಯಾರಿಸ್, ಆಮೇಲೆ ವಿಯೆನ್ನಾ, ಬೊಲೊನ್ಯಾ, ಮ್ಯಾಡ್ರಿಡ್. ಮೂಲ ಎಲುಬುಗಳು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ. ಎಲುಬು ಅದೇ, ತೋರಿಸೋರು ಬೇರೆ. ಎಲ್ಲ ಕಡೆ ತೂಗೋಕೆ ಒಂದೇ ತಕ್ಕಡಿ ಸಿಕ್ಕಿತಲ್ಲ!

ಅದರ ಮುಂದೆ ನಿಂತು ಮೊದಲು ನೋಡೋದು, 'ಇದು ನಿಜವಾದ ಎಲುಬಾ, ಅಚ್ಚಾ?' ಅನ್ನೋದಕ್ಕೆ ಫಲಕದಲ್ಲಿ ಎಷ್ಟು ಬೇಗ ಉತ್ತರ ಸಿಗುತ್ತೆ ಅಂತ. ಮಕ್ಕಳು ಕೇಳೋ ಮೊದಲ ಪ್ರಶ್ನೆಯೂ ಅದೇ ತಾನೆ. ಎರಡನೆಯದು ಬಾಲ. ಹಿಂದೆ ಬಾಲವನ್ನು ನೆಲಕ್ಕೆ ತಾಗಿಸಿ ಜೋಡಿಸುತ್ತಿದ್ದರು. ಕಲ್ಲಾದ ಹೆಜ್ಜೆಗುರುತುಗಳ ಹಿಂದೆ ಬಾಲ ಎಳೆದ ಗೆರೆ ಸಿಗುತ್ತಿರಲಿಲ್ಲ, ಹಾಗಾಗಿ ಲಂಡನ್‌ನವರು 1993ರಲ್ಲಿ ಬಾಲ ಎತ್ತಿ ನಿಲ್ಲಿಸಿದರು. ತಿದ್ದಿದ್ದನ್ನು ಬಾಯಿಬಿಟ್ಟು ಹೇಳೋ ಮ್ಯೂಸಿಯಂಗೆ ನನ್ನಲ್ಲಿ ಬೆಲೆ ಜಾಸ್ತಿ. ಮೂರನೆಯದು ಕಾವಲುಗಾರರನ್ನು ಕೇಳೋ ಒಂದು ಪ್ರಶ್ನೆ. ಅದನ್ನು ಇಲ್ಲಿ ಬರೆಯಲ್ಲ, ನನ್ನ ಹತ್ತಿರವೇ ಇರಲಿ.

ನನ್ನ ಪಟ್ಟಿಯಲ್ಲಿ ಬರ್ಲಿನ್ ಮೊದಲು. ಅಲ್ಲಿ ಟಾಂಜಾನಿಯಾದ ಟೆಂಡಗುರುವಿನಿಂದ ತಂದ ಜಿರಾಫಟೈಟನ್ ಅನ್ನೋ ಇನ್ನೊಂದು ಡೈನೋಸಾರ್ ಹದಿಮೂರು ಮೀಟರ್ ಎತ್ತರಕ್ಕೆ ನಿಂತಿದೆ. ಅದೇ ಹಾಲ್‌ನಲ್ಲಿ ನಮ್ಮ ಡಿಪ್ಲೊಡೋಕಸ್. ಒಂದಕ್ಕೆ ಮುಂಗಾಲು ಉದ್ದ, ಕತ್ತು ಆಕಾಶಕ್ಕೆ. ಇನ್ನೊಂದರ ಬೆನ್ನು ಸೇತುವೆ ಥರ ಉದ್ದಕ್ಕೆ. ಫಲಕವೇ ಬೇಕಾಗಲ್ಲ. ಪ್ಯಾರಿಸ್‌ನ 1898ರ ಗ್ಯಾಲರಿ ನೋಡೋಕೆ ಚೆಂದ, ಆದರೆ ಎಲುಬುಗಳ ಜಾತ್ರೆ. ಅಲ್ಲಿ ಒಂದೊಂದು ಗ್ಯಾಲರಿಗೂ ಬೇರೆ ಬೇರೆ ಟಿಕೆಟ್, ಜೇಬು ನೋಡಿಕೊಳ್ಳಿ. ಪಿಟ್ಸ್‌ಬರ್ಗ್‌ನಲ್ಲಿ ಒಂದೇ ಟಿಕೆಟ್‌ಗೆ ಪಕ್ಕದ ಕಲಾ ಮ್ಯೂಸಿಯಂ ಕೂಡ ಸಿಗುತ್ತೆ. ಲಂಡನ್ ಬಿಟ್ಟಿ.

2017ರಲ್ಲಿ ಲಂಡನ್‌ನವರು ದೊಡ್ಡ ಹಾಲ್‌ನಿಂದ ಡಿಪ್ಲೊಡೋಕಸ್ ತೆಗೆದು ನೀಲಿ ತಿಮಿಂಗಿಲದ ಅಸ್ಥಿಪಂಜರ ತೂಗುಹಾಕಿದರು. ಸರಿ, ತಿಮಿಂಗಿಲವನ್ನೂ ಹೋಲಿಸೋಣ ಅಂತ ಹೊರಟೆ. ಲಂಡನ್‌ನದು ನಿಜವಾದ ಎಲುಬು, ಇಪ್ಪತ್ತೈದು ಮೀಟರ್, 1891ರಲ್ಲಿ ಐರ್ಲೆಂಡ್ ದಡಕ್ಕೆ ಬಂದು ಸಿಕ್ಕಿಬಿದ್ದಿದ್ದು. ನ್ಯೂಯಾರ್ಕ್‌ನದು ಫೈಬರ್‌ಗ್ಲಾಸ್ ಮಾದರಿ. ಅದಕ್ಕೆ 2003ರಲ್ಲಿ ಹೊಕ್ಕುಳು ಸೇರಿಸಿದರು! ಗಾತ್ರ ಮೈಮೇಲೆ ಬರೋ ಹಾಗೆ ತಟ್ಟುವುದು ಮಾದರಿಯಲ್ಲೇ, ಸುಳ್ಳು ಹೇಳಲ್ಲ.

ವಿಜ್ಞಾನ ಮ್ಯೂಸಿಯಂಗಳಿಗೆ ತಕ್ಕಡಿಯಾಗಿ ಫೂಕೋ ಲೋಲಕ, ಅಂದರೆ ಭೂಮಿ ತಿರುಗೋದನ್ನು ತೋರಿಸೋ ತೂಗುಗುಂಡು, ಹಿಡಿದು ನೋಡಿದೆ. ಕೈಕೊಟ್ಟಿತು. ಅದು ತೂಗೋ ದಿಕ್ಕು ಪ್ಯಾರಿಸ್‌ನಲ್ಲಿ ಗಂಟೆಗೆ 11 ಡಿಗ್ರಿಯಷ್ಟು ತಿರುಗುತ್ತೆ, ಭೂಮಧ್ಯರೇಖೆ ಹತ್ತಿರ ಬಂದಷ್ಟೂ ನಿಧಾನ. ಅಂದ ಮೇಲೆ ಇನ್ನೇನು ಹೋಲಿಕೆ? ಈಗ ಸುಮ್ನೆ ಪ್ರದರ್ಶನಗಳಲ್ಲಿ ಒತ್ತಿದರೂ ಕೆಲಸ ಮಾಡದೆ ಕೆಟ್ಟು ನಿಂತ ಬಟನ್‌ಗಳನ್ನು ಎಣಿಸುತ್ತೇನೆ. ಈ ವಿಷಯದಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ ಎಕ್ಸ್‌ಪ್ಲೊರೇಟೋರಿಯಂ ಅನ್ನೋ ವಿಜ್ಞಾನ ಮ್ಯೂಸಿಯಂ ನನಗೆ ಇಷ್ಟ. ಅಲ್ಲಿ ಪ್ರದರ್ಶನಗಳನ್ನು ಮಾಡೋ, ರಿಪೇರಿ ಮಾಡೋ ವರ್ಕ್‌ಶಾಪ್ ನೋಡುಗರ ಕಣ್ಣೆದುರಿಗೇ ಇದೆ.