ದೀಪ ಹಚ್ಚುವ ಹೊತ್ತಿಗೆ ಬಂದ ವಾಸನೆ

ಜುಲೈ ತಿಂಗಳ ಸಂಜೆ, ಜಡಿಮಳೆ. ಮಂಗಳೂರಿನ ಬಿಜೈಯ ನಮ್ಮ ಫ್ಲ್ಯಾಟ್‌ನ ಬಾಗಿಲು ತೆಗೆದ ಕೂಡಲೇ ಕೊಳೆತ ಮೊಟ್ಟೆಯಂಥ ವಾಸನೆ ಮೂಗಿಗೆ ಬಡಿಯಿತು. ಒಳಗಿನಿಂದ ಅತ್ತೆ ಕೇಳಿದರು, "ಎಂತ ವಾಸನೆ ಮಾರಾಯ್ತಿ? ಉಪ್ಪು ಸೊಳೆ ಭರಣಿ ಸರಿ ಮುಚ್ಚಿಲ್ವಾ ನೀನು?"

ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯ ಆ ಭರಣಿಯನ್ನು ಮಧ್ಯಾಹ್ನ ಪಲ್ಯಕ್ಕೆ ತೆಗೆದದ್ದು ಹೌದು. ಅದೇ ಇರಬೇಕು ಅಂತ ಬಗ್ಗಿ ಮೂಸಿದೆ. ಅಲ್ಲಿ ಏನೂ ಇಲ್ಲ. ಎದ್ದು ನಿಂತರೆ ವಾಸನೆ ಜಾಸ್ತಿ. ಗ್ಯಾಸ್! ನಮ್ಮದು ಸಿಲಿಂಡರ್ ಅಲ್ಲ, ಪೈಪಿನಲ್ಲಿ ಮನೆಗೆ ಬರುವ ಗ್ಯಾಸ್. ಮೂಸುತ್ತಾ ಕಳೆದ ಆ ಅರ್ಧ ನಿಮಿಷ ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತದೆ.

ಅಷ್ಟರಲ್ಲಿ ನನ್ನ ಕೈ ಎಕ್ಸಾಸ್ಟ್ ಫ್ಯಾನಿನ ಸ್ವಿಚ್ ಹತ್ತಿರ ಹೋಗಿತ್ತು. ಯೋಚನೆ ಮಾಡಿ ಹೋದದ್ದಲ್ಲ, ಅಭ್ಯಾಸದ ಕೈ. ಹೇಗೋ ಹಿಂದಕ್ಕೆ ಎಳೆದುಕೊಂಡೆ. ಸ್ವಿಚ್ ಹಾಕಿದರೂ ಕಿಡಿ, ಆರಿಸಿದರೂ ಕಿಡಿ. ಗಾಳಿಯಲ್ಲಿ ಈ ಗ್ಯಾಸ್ ಶೇ. 5ರಿಂದ 15ರಷ್ಟು ಬೆರೆತಿದ್ದರೆ ಅಷ್ಟು ಕಿಡಿ ಸಾಕು. ಹಾಲ್‌ನಲ್ಲಿ ಉರಿಯುತ್ತಿದ್ದ ಲೈಟನ್ನೂ ಹಾಗೇ ಬಿಟ್ಟೆ.

ತಿರುಗಿ ನೋಡಿದರೆ ಅತ್ತೆ ದೇವರ ಮುಂದೆ, ಕೈಯಲ್ಲಿ ಬೆಂಕಿಪೆಟ್ಟಿಗೆ.

"ಅತ್ತೆ, ಕಡ್ಡಿ ಗೀರಬೇಡಿ! ಗ್ಯಾಸ್ ಸೋರ್ತಾ ಉಂಟು. ಕೆಳಗೆ ಹೋಗುವ, ಬನ್ನಿ."

ಸ್ಟವ್ ಪಕ್ಕದ ವಾಲ್ವ್ ತಿರುಗಿಸಿದೆ. ಅದರ ಹಿಡಿ ಪೈಪಿನ ಉದ್ದಕ್ಕೆ ಇದ್ದರೆ ಗ್ಯಾಸ್ ಬರುತ್ತದೆ, ಅಡ್ಡಕ್ಕೆ ತಿರುಗಿಸಿದರೆ ನಿಲ್ಲುತ್ತದೆ. ಕೈಗೆ ಸಿಕ್ಕ ಎರಡು ಕಿಟಕಿ ತೆಗೆದೆ, ಬಾಗಿಲು ತೆರೆದೇ ಬಿಟ್ಟೆ. ಲಿಫ್ಟ್ ಬೇಡ ಅಂತ ಅತ್ತೆಯ ಕೈ ಹಿಡಿದು ಮೆಟ್ಟಿಲಲ್ಲಿ ಇಳಿದೆ. ಪಕ್ಕದ ಮನೆಯವರ ಬೆಲ್ ಒತ್ತಲಿಲ್ಲ, ಬಾಗಿಲು ಬಡಿದು ಕರೆದೆ. ಬೆಲ್ಲಿನಲ್ಲೂ ಕರೆಂಟೇ ಅಲ್ವಾ? ಮೊಬೈಲ್ ಮುಟ್ಟಿದ್ದು ಗೇಟಿನ ಹೊರಗೆ ಬಂದ ಮೇಲೆ. ಗ್ಯಾಸ್ ಬಿಲ್ಲಿನಲ್ಲಿದ್ದ ತುರ್ತು ನಂಬರನ್ನು ಮೊದಲೇ ಸೇವ್ ಮಾಡಿಟ್ಟಿದ್ದೆ. ಸಿಲಿಂಡರ್ ಇರುವವರಿಗೆ 1906.

ಗ್ಯಾಸ್ ಕಂಪೆನಿಯಿಂದ ಬಂದ ಹುಡುಗ ಗ್ಯಾಸ್ ಅಳೆಯುವ ಯಂತ್ರವನ್ನು ನೆಲದ ಹತ್ತಿರ ಹಿಡಿಯಲಿಲ್ಲ, ನೇರ ಅಟ್ಟದ ಹತ್ತಿರ ಎತ್ತಿದ. ಆಮೇಲೆ ಸೋಪಿನ ನೀರು ಹಚ್ಚಿ ನೋಡಿದ. ರಬ್ಬರ್ ಟ್ಯೂಬಿನ ಕ್ಲಿಪ್ ಹತ್ತಿರ ಸಾಸಿವೆಯಷ್ಟು ಸಣ್ಣ ಗುಳ್ಳೆಗಳು, ಒಂದು ಒಡೆದರೆ ಇನ್ನೊಂದು. ಹಿಂದಿನ ದಿನ ನಾನು ಸ್ಟವ್ ಎಳೆದು ಹಿಂಬದಿ ಒರೆಸಿದ್ದೆ. ಆಗ ಟ್ಯೂಬ್ ಜಗ್ಗಿ ಕ್ಲಿಪ್ ಸಡಿಲವಾಗಿತ್ತು. ಸುಯ್ ಅನ್ನುವ ಸದ್ದೂ ಇರಲಿಲ್ಲ. ಮನೆಯ ಪೈಪಿನಲ್ಲಿ ಒತ್ತಡ ತುಂಬಾ ಕಡಿಮೆ. ಗ್ಯಾಸಿಗೆ ಸ್ವಂತ ವಾಸನೆಯೂ ಇಲ್ಲ, ಬೇಕೆಂದೇ ನಾತದ ವಸ್ತು ಬೆರೆಸುತ್ತಾರೆ. ನಮ್ಮನ್ನು ಎಚ್ಚರಿಸಿದ್ದು ಆ ನಾತ ಒಂದೇ.

ಅವನು ಮೇಲೆ ನೋಡಿ, "ಇದೆಂತಕ್ಕೆ ಆಂಟಿ?" ಅಂತ ವೆಂಟಿಲೇಟರ್ ತೋರಿಸಿದ. ಮಳೆಯ ಎರಚಲು ಬರುತ್ತದೆ ಅಂತ ನಾನೇ ಪ್ಲಾಸ್ಟಿಕ್ ಹಾಳೆ ಅಂಟಿಸಿದ್ದೆ. ಊರಲ್ಲಿ ಎಷ್ಟು ಮನೆಯಲ್ಲಿ ಹೀಗೆ ಮಾಡಿದ್ದಾರೋ! ಸಿಲಿಂಡರ್ ಗ್ಯಾಸ್ ಗಾಳಿಗಿಂತ ಭಾರ, ನೆಲಕ್ಕೆ ಇಳಿಯುತ್ತದೆ. ಪೈಪಿನದ್ದು ಹಗುರ, ಮೇಲೇರುತ್ತದೆ. ಅದು ಹೊರಗೆ ಹೋಗಬೇಕಾದ ದಾರಿಯನ್ನೇ ನಾನು ಮುಚ್ಚಿಟ್ಟಿದ್ದೆ. ಇನ್ನೊಂದು ವಿಷಯ. 14.2 ಕೆಜಿ ಸಿಲಿಂಡರ್ ಸೋರಿದರೆ ಯಾವಾಗಲಾದರೂ ಖಾಲಿಯಾಗುತ್ತದೆ. ಕೊಚ್ಚಿಯಿಂದ ಮಂಗಳೂರಿಗೆ 450 ಕಿಲೋಮೀಟರ್ ಪೈಪ್ 2021ರಲ್ಲಿ ಉದ್ಘಾಟನೆ ಆದಾಗ, ಗ್ಯಾಸ್ ಮುಗಿಯುವ ಚಿಂತೆ ಇಲ್ಲ ಅಂತ ನಾವು ಖುಷಿಪಟ್ಟಿದ್ದೆವು. ಸೋರುವಾಗಲೂ ಅದು ಮುಗಿಯುವುದಿಲ್ಲ. ವಾಲ್ವ್ ಮುಚ್ಚಲೇಬೇಕು.

ಪ್ಲಾಸ್ಟಿಕ್ ಅಂದೇ ಕಿತ್ತೆ. ಎರಚಲಿಗೆ ನೆಲ ಒದ್ದೆಯಾಗುತ್ತದೆ, ಒರೆಸುತ್ತೇನೆ.

ಮರುದಿನ ಅತ್ತೆಯ ಕೈಯಿಂದಲೇ ವಾಲ್ವ್ ತಿರುಗಿಸಿ ತೋರಿಸಿದೆ. ಎಪ್ಪತ್ತೆಂಟು ವರ್ಷ, ಬೆರಳಲ್ಲಿ ಗಂಟುನೋವು. ಮೊದಲ ಸಲ ಆಗಲಿಲ್ಲ, ಎರಡೂ ಕೈ ಹಾಕಿದಾಗ ತಿರುಗಿತು. ಈಗ ರಾತ್ರಿ ಮಲಗುವ ಮೊದಲು ಅದನ್ನು ಅಡ್ಡಕ್ಕೆ ತಿರುಗಿಸುವುದು ಅವರೇ.