ಹಳೇ ಕಾರಿಗೆ ಹೊಸ ಟೈಮಿಂಗ್ ಮ್ಯಾಪ್: ಘಟ್ಟ ಹತ್ತಿ ಇಳಿಯುವವರಿಗಾಗಿ

ಮಳೆಗಾಲದ ಬೆಳಗ್ಗೆ ಪದ್ಮಿನಿಯೋ ಅಂಬಾಸಿಡರೋ ಸ್ಟಾರ್ಟ್ ಆಗದಿದ್ದರೆ ಮಲೆನಾಡಿನಲ್ಲಿ ಮೊದಲು ಬಿಚ್ಚುವುದು ಡೆಲ್ಕೊ ಕ್ಯಾಪನ್ನೇ, ಅಂದರೆ ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳವನ್ನೇ. ಒಳಗೆ ತೇವ ಕೂತಿರುತ್ತದೆ. ಒರೆಸಿ ಹಾಕಿದರೆ ಗಾಡಿ ಹೊರಡುತ್ತದೆ, ಮರುದಿನ ಮತ್ತೆ ಅದೇ ಪಾಡು. ಕಾರ್ಬೊರೇಟರ್ ಹಾಗೇ ಇಟ್ಟುಕೊಂಡು ಸ್ಪಾರ್ಕ್ ಒಂದನ್ನು ಮಾತ್ರ ಕಂಪ್ಯೂಟರಿಗೆ ಕೊಟ್ಟರೆ ಈ ಕ್ಯಾಪ್, ಅದರೊಳಗೆ ತಿರುಗುವ ರೋಟರ್, ಕಿಡಿಗಾಗಿ ಕರೆಂಟ್ ಕಡಿಯುವ ಸಿಬಿ ಪಾಯಿಂಟ್ ಯಾವುದೂ ಬೇಕಿಲ್ಲ. ಮೆಗಾಜೋಲ್ಟ್, ಸ್ಪೀಡುಯಿನೊ ಥರದ ಪೆಟ್ಟಿಗೆಗಳಿಂದ ಇದು ಸಾಧ್ಯ. ಪೆಟ್ಟಿಗೆ ಕೂರಿಸುವುದು ಸುಲಭದ ಪಾಲು. ನಮ್ಮ ಊರಿಗೆ, ನಮ್ಮ ಘಟ್ಟಕ್ಕೆ ಹೊಂದುವ ಮ್ಯಾಪ್ ಬರೆಯುವುದೇ ನಿಜವಾದ ಕೆಲಸ.

ಮ್ಯಾಪ್ ಅಂದರೆ ಒಂದು ಕೋಷ್ಟಕ. ಅಡ್ಡಕ್ಕೆ ಆರ್‌ಪಿಎಂ, ಉದ್ದಕ್ಕೆ ಇನ್‌ಟೇಕ್ ಮ್ಯಾನಿಫೋಲ್ಡಿನ ಒತ್ತಡ, ಒಂದೊಂದು ಮನೆಯಲ್ಲಿ ಎಷ್ಟು ಡಿಗ್ರಿ ಅಡ್ವಾನ್ಸ್, ಅಂದರೆ ಪಿಸ್ಟನ್ ಮೇಲೆ ಮುಟ್ಟುವುದಕ್ಕೆ ಕ್ರ್ಯಾಂಕಿನ ಎಷ್ಟು ಡಿಗ್ರಿ ಮೊದಲು ಕಿಡಿ, ಅನ್ನುವ ಅಂಕಿ. ಕಿಡಿ ಹಾರಿದ ಕೂಡಲೇ ಪೆಟ್ರೋಲ್ ಪೂರ್ತಿ ಉರಿಯುವುದಿಲ್ಲ, ಬೆಂಕಿ ಹರಡಲು ಒಂದಿಷ್ಟು ಹೊತ್ತು ಬೇಕು, ಹಾಗಾಗಿ ಪಿಸ್ಟನ್ ಮೇಲೆ ಮುಟ್ಟುವ ಮೊದಲೇ ಕಿಡಿ ಕೊಡಬೇಕು. ಎಂಜಿನ್ ಜೋರಾಗಿ ತಿರುಗಿದಷ್ಟೂ ಇನ್ನೂ ಮೊದಲು. ಎಕ್ಸಲರೇಟರ್ ಕಮ್ಮಿ ಒತ್ತಿದಾಗ ಸಿಲಿಂಡರಿನೊಳಗೆ ಗಾಳಿ ಕಮ್ಮಿ, ಉರಿ ನಿಧಾನ, ಆಗ ಅಡ್ವಾನ್ಸ್ ಜಾಸ್ತಿ ಬೇಕು. ಪೂರ್ತಿ ಒತ್ತಿದಾಗ ಬೇಗ ಉರಿಯುತ್ತದೆ, ಕಮ್ಮಿ ಸಾಕು. ಆಗಲೂ ಜಾಸ್ತಿ ಕೊಟ್ಟರೆ ನಾಕಿಂಗ್ (ಮಿಶ್ರಣ ತಾನಾಗಿ ಸಿಡಿದು ಕಟಕಟ ಸದ್ದು ಬರುವುದು) ಶುರು, ಆಮೇಲೆ ಪಿಸ್ಟನ್‌ಗೇ ಪೆಟ್ಟು.

ಲ್ಯಾಪ್‌ಟಾಪ್ ತೆರೆಯುವ ಮೊದಲು ಎಂಜಿನ್ ನೋಡಿ. ಟ್ಯಾಪೆಟ್ ಗ್ಯಾಪ್, ಪ್ಲಗ್, ಕಂಪ್ರೆಶನ್, ಮ್ಯಾನಿಫೋಲ್ಡ್ ಲೀಕ್ ಎಲ್ಲ ಸರಿ ಇರಬೇಕು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ 20ರವರೆಗೆ ಎಥನಾಲ್ ಇರುತ್ತದೆ. ಕಾರ್ಬೊರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಹಳೇ ಜೆಟ್‌ನಲ್ಲೇ ಓಡಿಸಿದರೆ ಮಿಶ್ರಣ ಲೀನ್ ಆಗುತ್ತದೆ (ಗಾಳಿಗೆ ತಕ್ಕಷ್ಟು ಇಂಧನ ಸಾಲದು), ಹಳೇ ರಬ್ಬರ್ ಪೈಪುಗಳೂ ಹಾಳಾಗುತ್ತವೆ. ಮೊದಲು ಜೆಟ್ ಸರಿಮಾಡಿಸಿ. ಕಾರ್ಬೊರೇಟರಿನ ತಪ್ಪನ್ನು ಟೈಮಿಂಗಿನಲ್ಲಿ ಮುಚ್ಚಲು ಹೋಗಬೇಡಿ.

ಮುಂದಿನದು ಟ್ರಿಗರ್ ವೀಲ್, ಅಂದರೆ ಕ್ರ್ಯಾಂಕ್ ಯಾವ ಕೋನದಲ್ಲಿದೆ ಅಂತ ಸೆನ್ಸರ್ ಮೂಲಕ ಪೆಟ್ಟಿಗೆಗೆ ತಿಳಿಸುವ ಹಲ್ಲಿನ ಚಕ್ರ. 36 ಹಲ್ಲಿನ ಜಾಗದಲ್ಲಿ ಒಂದು ಹಲ್ಲು ಇಲ್ಲದ ಚಕ್ರವನ್ನು ಕ್ರ್ಯಾಂಕ್ ಪುಲ್ಲಿಗೆ ಕೂರಿಸಬೇಕು. ಒಂದು ಹಲ್ಲಿಗೆ 10 ಡಿಗ್ರಿ ಲೆಕ್ಕ. ಇದನ್ನು ಲೇತ್‌ನವರ ಹತ್ತಿರವೇ ಮಾಡಿಸಿ, ಸುಮ್ನೆ ವೆಲ್ಡ್ ಮಾಡಿ ಅಂಟಿಸಿದರೆ ಚಕ್ರ ಓಲಾಡುತ್ತದೆ. ಸೆನ್ಸರ್ ಮತ್ತು ಹಲ್ಲಿನ ನಡುವೆ ಒಂದು ಮಿಲಿಮೀಟರಿಗಿಂತ ಸ್ವಲ್ಪ ಕಮ್ಮಿ ಗ್ಯಾಪ್ ಇರಲಿ. ಸೆನ್ಸರ್ ವೈರ್ ಶೀಲ್ಡ್ ಇರುವಂಥದ್ದೇ ಆಗಬೇಕು. ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಿ, ಪ್ಲಗ್ ವೈರುಗಳಿಂದ ದೂರ ಎಳೆಯಿರಿ. ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಕೊಡುವ ಕಾಯಿಲ್ ಪ್ಯಾಕಿನಲ್ಲಿ ನಾಲ್ಕು ಸಿಲಿಂಡರಿನ ಎಂಜಿನ್‌ಗೆ 1 ಮತ್ತು 4 ಒಂದು ಜೋಡಿ, 2 ಮತ್ತು 3 ಇನ್ನೊಂದು. ಪೆಟ್ಟಿಗೆಯನ್ನು ಬಾನೆಟ್ ಕೆಳಗೆ ಇಡಬೇಡಿ. ನಮ್ಮ ಮಳೆಗೆ ಡ್ಯಾಶ್‌ಬೋರ್ಡ್ ಒಳಗೇ ಅದಕ್ಕೆ ಜಾಗ.

ಇನ್ನು ಟಿಡಿಸಿ, ಅಂದರೆ ಒಂದನೇ ಪಿಸ್ಟನ್ ತುತ್ತತುದಿ ಮುಟ್ಟುವ ಜಾಗ. ಹಳೇ ಪುಲ್ಲಿ ಗುರುತನ್ನು ನಂಬಬೇಡಿ. ಬ್ಯಾಟರಿ ವೈರ್ ತೆಗೆದು, ಪ್ಲಗ್ ತೂತಿಗೆ ಪಿಸ್ಟನ್ ಸ್ಟಾಪ್ ಹಾಕಿ, ಎಂಜಿನ್ನನ್ನು ಕೈಯಲ್ಲಿ ನಿಧಾನ ತಿರುಗಿಸಿ. ತಡೆದಲ್ಲಿ ಪುಲ್ಲಿಯ ಮೇಲೆ ಒಂದು ಗೆರೆ. ಉಲ್ಟಾ ತಿರುಗಿಸಿ, ತಡೆದಲ್ಲಿ ಇನ್ನೊಂದು ಗೆರೆ. ಎರಡರ ಸರಿ ಮಧ್ಯವೇ ಟಿಡಿಸಿ. ಅಲ್ಲಿಂದ ಡಿಗ್ರಿ ಗುರುತು ಹಾಕಿಕೊಳ್ಳಿ: ಪುಲ್ಲಿಯ ಅಡ್ಡಳತೆ 130 ಮಿಲಿಮೀಟರ್ ಇದ್ದರೆ 10 ಡಿಗ್ರಿಗೆ ಅಂಚಿನ ಮೇಲೆ ಸುಮಾರು 11.3 ಮಿಲಿಮೀಟರ್.

ಈಗ ಬರುವ ಹೆಜ್ಜೆಯನ್ನು ಬಿಟ್ಟವರ ಮ್ಯಾಪ್ ಎಷ್ಟು ಚೆಂದ ಇದ್ದರೂ ಪ್ರಯೋಜನ ಇಲ್ಲ. ಪೆಟ್ಟಿಗೆಯಲ್ಲಿ ಟೈಮಿಂಗನ್ನು 10 ಡಿಗ್ರಿಗೆ ಲಾಕ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡಿ, ಕಿಡಿ ಹಾರಿದಾಗೆಲ್ಲ ಮಿನುಗುವ ಟೈಮಿಂಗ್ ಲೈಟನ್ನು ಪುಲ್ಲಿಗೆ ಹಿಡಿಯಿರಿ. ಪುಲ್ಲಿಯಲ್ಲೂ 10 ಕಾಣಬೇಕು. ಕಾಣದಿದ್ದರೆ ಸೆನ್ಸರ್ ಸರಿಸಿ, ಇಲ್ಲವೇ ಸಾಫ್ಟ್‌ವೇರಿನಲ್ಲಿ ಟ್ರಿಗರ್ ಕೋನ ಬದಲಿಸಿ. ಆಮೇಲೆ 3000 ಆರ್‌ಪಿಎಂವರೆಗೆ ಏರಿಸಿ ಮತ್ತೆ ನೋಡಿ. ಗುರುತು ಜಾರಿದರೆ ಬಹುಪಾಲು ಸೆನ್ಸರಿನ ಎರಡು ವೈರು ಅದಲು ಬದಲಾಗಿರುತ್ತವೆ. ಡಯಲ್ ತಿರುಗಿಸುವ ಟೈಮಿಂಗ್ ಲೈಟ್ ಆದರೆ ಹುಷಾರು. ಇಲ್ಲಿ ಪ್ರತಿ ಸುತ್ತಿಗೂ ಕಿಡಿ ಹಾರುವುದರಿಂದ ಕೆಲವು ಲೈಟುಗಳು ದುಪ್ಪಟ್ಟು ತೋರಿಸುತ್ತವೆ. ಸಾದಾ ಲೈಟೇ ವಾಸಿ.

ಪ್ರೆಶರ್ ಸೆನ್ಸರಿನ ಪೈಪನ್ನು ಕಾರ್ಬೊರೇಟರ್ ಥ್ರಾಟಲ್‌ನ ಕೆಳಗೆ, ಮ್ಯಾನಿಫೋಲ್ಡಿಗೆ ಕೊಡಿ. ಎಂಜಿನ್ ಆಫ್ ಇದ್ದಾಗ ಅದು ಊರಿನ ಗಾಳಿಯ ಒತ್ತಡವನ್ನೇ ತೋರಿಸಬೇಕು. ಶಿವಮೊಗ್ಗ ಸಮುದ್ರಮಟ್ಟದಿಂದ ಸುಮಾರು 570 ಮೀಟರ್ ಮೇಲಿದೆ, ಹಾಗಾಗಿ ಇಲ್ಲಿ 95 ಕಿಲೋಪಾಸ್ಕಲ್ ಹತ್ತಿರ. ಉಡುಪಿಯಲ್ಲಿ 101. ಮುಳ್ಳಯ್ಯನಗಿರಿ ತುದಿಯಲ್ಲಿ 80ರ ಆಸುಪಾಸು.

ಈ ಅಂಕಿಗಳನ್ನು ಯಾಕೆ ಹೇಳಿದೆ ಅಂದರೆ, ಶಿವಮೊಗ್ಗದಲ್ಲಿ ಎಕ್ಸಲರೇಟರನ್ನು ಪೂರ್ತಿ ತುಳಿದರೂ ಎಂಜಿನ್ 95ರ ಸಾಲನ್ನು ದಾಟುವುದಿಲ್ಲ. 100ರ ಸಾಲಿನಲ್ಲಿ ಏನು ಬರೆದಿದ್ದರೂ ಭದ್ರಾವತಿ, ಗಾಜನೂರು, ತೀರ್ಥಹಳ್ಳಿ ಅಂತ ಎಷ್ಟು ಸುತ್ತಿದರೂ ಅದು ಪರೀಕ್ಷೆಗೇ ಬರುವುದಿಲ್ಲ. ಆದರೆ ಆಗುಂಬೆ ಇಳಿದು ಉಡುಪಿಗೆ ಹೋಗಿ ವಾಪಸ್ ಬರುವಾಗ ನೋಡಿ. ಸೋಮೇಶ್ವರದ ಸೆಕೆ, ಕಾರಿನ ತುಂಬ ಜನ, ಮುಂದೆ 14 ತಿರುವು, ಸೆಕೆಂಡ್ ಗೇರು, 1800 ಆರ್‌ಪಿಎಂ, ಪೂರ್ತಿ ತುಳಿತ. ಆ ಸಾಲು ಮೊದಲ ಸಲ ಕೆಲಸಕ್ಕೆ ಬರುವುದು ಅಲ್ಲಿ, ನಾಕಿಂಗ್‌ಗೆ ಹೇಳಿ ಮಾಡಿಸಿದ ಜಾಗದಲ್ಲಿ! ಅದಕ್ಕೇ ಅಲ್ವಾ ಊರಲ್ಲಿ ಚೆನ್ನಾಗಿದ್ದ ಗಾಡಿ ಘಟ್ಟದ ಬುಡದಲ್ಲಿ ಕಟಕಟ ಅನ್ನುವುದು.

ಹಾಗಾಗಿ ಒತ್ತಡದ ಸಾಲುಗಳನ್ನು ಸಮವಾಗಿ ಹಂಚಬೇಡಿ, ಮೇಲ್ಗಡೆ ಒತ್ತಾಗಿಸಿ: 30, 40, 50, 60, 70, 80, 85, 90, 95, 100. ಪೂರ್ತಿ ಲೋಡಿನ ಸಾಲಿಗೆ ಹಳೇ, ಕಮ್ಮಿ ಕಂಪ್ರೆಶನ್ನಿನ ಎಂಜಿನ್ ಆದರೆ 1000 ಆರ್‌ಪಿಎಂಗೆ 8ರಿಂದ 10 ಡಿಗ್ರಿ, 2000ಕ್ಕೆ 18, 3000ಕ್ಕೆ 25, 4000ದ ಮೇಲೆ 28 ಅಂತ ಶುರುಮಾಡಬಹುದು. ನಿಮ್ಮ ಗಾಡಿಯ ಮ್ಯಾನುಯಲ್‌ನಲ್ಲಿ ಇದಕ್ಕಿಂತ ಕಮ್ಮಿ ಇದ್ದರೆ ಅದನ್ನೇ ಹಿಡಿಯಿರಿ. 100ರ ಸಾಲಿಗೆ 95ರದ್ದಕ್ಕಿಂತ ಎರಡು ಡಿಗ್ರಿ ಕಮ್ಮಿ ಬರೆಯಿರಿ. ಹಗುರ ಲೋಡಿನಲ್ಲಿ, 40ರ ಸಾಲಿನಲ್ಲಿ, 2500ಕ್ಕೆ 34ರ ತನಕ ಹೋಗಬಹುದು, ಮೈಲೇಜ್ ಸಿಗುವುದು ಅಲ್ಲೇ. ನಡುವಿನ ಮನೆಗಳು ನಿಧಾನ ಇಳಿಜಾರಿನಂತಿರಲಿ, ಪಕ್ಕಪಕ್ಕದಲ್ಲಿ ದಿಢೀರ್ ಜಿಗಿತ ಬೇಡ. ಐಡ್ಲಿಂಗ್‌ಗೆ ಒಂದು ಉಪಾಯ ಇದೆ. ಐಡ್ಲಿಂಗ್ 850 ಇದ್ದರೆ ಅಲ್ಲಿ 12 ಕೊಟ್ಟು, 650ಕ್ಕೆ 15 ಕೊಡಿ. ಎಂಜಿನ್ ಕುಸಿಯಹೊರಟರೆ ಜಾಸ್ತಿ ಅಡ್ವಾನ್ಸ್ ಸಿಕ್ಕಿ ತಾನೇ ಎದ್ದುಕೊಳ್ಳುತ್ತದೆ. ಸ್ಟಾರ್ಟ್ ಮಾಡುವಾಗಿನ ಟೈಮಿಂಗ್ ಬೇರೆ, ಅದು 10ರ ಒಳಗೇ ಇರಲಿ, ಇಲ್ಲದಿದ್ದರೆ ಸ್ಟಾರ್ಟರ್ ಮೋಟಾರಿಗೆ ಉಲ್ಟಾ ಒದೆಯುತ್ತದೆ.

ರಸ್ತೆಗಿಳಿದಾಗ ಒಬ್ಬರು ಓಡಿಸಿ, ಇನ್ನೊಬ್ಬರು ಲ್ಯಾಪ್‌ಟಾಪ್ ನೋಡಿ. ಇದರಲ್ಲಿ ರಾಜಿ ಬೇಡ. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ನೇರವಾದ ಖಾಲಿ ಏರಿನಲ್ಲಿ, ಒಂದೇ ಗೇರಿನಲ್ಲಿ ಎಳೆಸಿ. ಒಂದೊಂದೇ ಡಿಗ್ರಿ ಏರಿಸುತ್ತ ಹೋಗಿ. ಎಳೆತ ಜಾಸ್ತಿಯಾಗದಿದ್ದರೆ ನಾಕ್ ಬರದಿದ್ದರೂ ನಿಲ್ಲಿಸಿ, ಇನ್ನೂ ಏರಿಸಿದರೆ ಶಾಖವೇ ಲಾಭ. ನಾಕ್ ಕೇಳಿದರೆ ಕೂಡಲೇ ಕಾಲು ತೆಗೆದು ಆ ಮನೆಯಿಂದಲೂ ಸುತ್ತಲಿನ ಮನೆಗಳಿಂದಲೂ ಎರಡು ಡಿಗ್ರಿ ಇಳಿಸಿ.

ಕೊನೆಯ ಪರೀಕ್ಷೆ ಘಟ್ಟದ ಕೆಳಗೇ ಆಗಬೇಕು. ಹೆಬ್ರಿ ಕಡೆ ಜನ, ವಾಹನ ಇಲ್ಲದ ಏರು ಹುಡುಕಿ 95 ಮತ್ತು 100ರ ಸಾಲುಗಳನ್ನು 1500ರಿಂದ 2500 ಆರ್‌ಪಿಎಂ ನಡುವೆ ನೋಡಿ. ಆಗುಂಬೆಯ ತಿರುವುಗಳಲ್ಲಿ ಈ ಪ್ರಯೋಗ ಬೇಡ, ಅಲ್ಲಿ ರಸ್ತೆ ಕಿರಿದು, ಎದುರಿನ ಗಾಡಿ ಕಾಣುವುದಿಲ್ಲ. ಹೆಬ್ರಿ ಕಡೆ ಸರಿಹೊಂದಿಸಿದ ಮ್ಯಾಪನ್ನು ಬೇರೆ ಹೆಸರಿನಲ್ಲಿ ಸೇವ್ ಮಾಡಿ, ಯಾವ ಪೆಟ್ರೋಲು, ಯಾವ ಪ್ಲಗ್, ಯಾವ ಜೆಟ್ ಅಂತ ಜೊತೆಗೇ ಬರೆದಿಡಿ. ಇವುಗಳಲ್ಲಿ ಯಾವುದು ಬದಲಾದರೂ ಆ ಎರಡು ಸಾಲುಗಳನ್ನು ಮತ್ತೆ ನೋಡಬೇಕಾಗುತ್ತದೆ.