ಆಂಟಿವೈರಸ್ ಕೂಗಿದಾಗ: ನಿಜವಾದ ವೈರಸ್ಸೋ, ಸುಳ್ಳು ಎಚ್ಚರಿಕೆಯೋ?

ಮೊದಲು ನೋಡಬೇಕಾದ್ದು, ಎಚ್ಚರಿಕೆ ಕೊಟ್ಟಿದ್ದು ಆಂಟಿವೈರಸ್ಸೇ ಹೌದಾ ಅಂತ. 'ನಿಮ್ಮ ಪಿಸಿಯಲ್ಲಿ ಐದು ವೈರಸ್ ಇವೆ' ಎಂದು ಮೂಲೆಯಲ್ಲಿ ಏಳುವ ಚೀಟಿಯಲ್ಲಿ ಕ್ರೋಮ್ ಹೆಸರೋ ಯಾವುದೋ ವೆಬ್‌ಸೈಟಿನ ವಿಳಾಸವೋ ಇದ್ದರೆ ಅದು ಬರೀ ಜಾಹೀರಾತು. ಅದನ್ನು ಒತ್ತಬೇಡಿ. ಕ್ರೋಮ್ ಸೆಟ್ಟಿಂಗ್ಸ್‌ನ 'ಸೈಟ್ ಸೆಟ್ಟಿಂಗ್ಸ್', ಅದರೊಳಗಿನ 'ನೋಟಿಫಿಕೇಷನ್ಸ್'ಗೆ ಹೋಗಿ ಆ ಸೈಟನ್ನು ತೆಗೆದುಹಾಕಿದರೆ ಸಾಕು.

ನಿಜಕ್ಕೂ ಡಿಫೆಂಡರ್ (ವಿಂಡೋಸ್ ಜೊತೆಗೇ ಬರುವ ಆಂಟಿವೈರಸ್) ಹೇಳಿದ್ದರೆ ಗಾಬರಿಯಿಂದ ಅಳಿಸಬೇಡಿ. ಕ್ವಾರಂಟೈನ್ ಆದ, ಅಂದರೆ ಆಂಟಿವೈರಸ್ ಬೇರೆಯಾಗಿ ಕೂಡಿಹಾಕಿದ ಫೈಲ್ ಅಲ್ಲಿಂದ ಓಡಲಾರದು. 'ವಿಂಡೋಸ್ ಸೆಕ್ಯುರಿಟಿ' ತೆರೆದು 'ಪ್ರೊಟೆಕ್ಷನ್ ಹಿಸ್ಟರಿ'ಯಲ್ಲಿ ಪತ್ತೆಯಾದ ಹೆಸರು, ಫೈಲ್ ಇದ್ದ ಜಾಗ, ಸಮಯ ಮೂರನ್ನೂ ಬರೆದಿಟ್ಟುಕೊಳ್ಳಿ. ಅಳಿಸಿಬಿಟ್ಟರೆ ಈ ಸುಳಿವು ಮತ್ತೆ ಸಿಗುವುದು ಕಷ್ಟ.

ಹೆಸರಿನಲ್ಲೇ ಅರ್ಧ ಉತ್ತರ ಇರುತ್ತದೆ. 'ವಾಕಟಾಕ್' ಥರದ ಹೆಸರಿನ ಕೊನೆಗೆ '!ಎಂಎಲ್' ಇದ್ದರೆ ಅದು ಮೆಷಿನ್ ಲರ್ನಿಂಗ್ ಮಾಡಿದ ಅಂದಾಜು. 'ಹ್ಯೂರ್', 'ಜೆನ್', 'ಜೆನೆರಿಕ್' ಎಂದಿದ್ದರೂ ಹಾಗೇ: ಲಕ್ಷಣ ಹೋಲುತ್ತದೆ ಎಂದಷ್ಟೇ ಅರ್ಥ. ಸುಳ್ಳು ಎಚ್ಚರಿಕೆಗಳು ಹೆಚ್ಚಾಗಿ ಈ ಗುಂಪಿನವು. ನುಡಿ, ಬರಹದಂಥ ಕನ್ನಡ ಕೀಲಿಮಣೆ ತಂತ್ರಾಂಶ ನೀವು ಒತ್ತಿದ ಕೀಲಿಯನ್ನು ನಡುವೆ ಹಿಡಿದು ಅಕ್ಷರ ಮಾಡುತ್ತದೆ. ಪಾಸ್‌ವರ್ಡ್ ಕದಿಯುವ ಕೀಲಾಗರ್ ಮಾಡುವುದೂ ಹೆಚ್ಚುಕಮ್ಮಿ ಅದನ್ನೇ. ಹೊರಗಿನಿಂದ ನೋಡುವ ಆಂಟಿವೈರಸ್‌ಗೆ ಅನುಮಾನ ಬಂದರೆ ಆಶ್ಚರ್ಯವಿಲ್ಲ.

'ಹ್ಯಾಕ್‌ಟೂಲ್ ಆಟೋಕೆಎಂಎಸ್' ಬೇರೆಯೇ ವಿಷಯ: ಅದು ಲೈಸೆನ್ಸ್ ಇಲ್ಲದೆ ವಿಂಡೋಸ್ ಚಾಲೂ ಮಾಡುವ ಕ್ರ್ಯಾಕ್. ಎಸ್‌.ಪಿ. ರಸ್ತೆಯಲ್ಲಿ (ಬೆಂಗಳೂರಿನ ಕಂಪ್ಯೂಟರ್ ಮಾರುಕಟ್ಟೆ) ಅಸೆಂಬಲ್ ಮಾಡಿಸಿದ ಪಿಸಿಗೆ ಲೈಸೆನ್ಸ್ ಇಲ್ಲದ ವಿಂಡೋಸ್ ಹಾಕಿಸಿಕೊಂಡವರಿಗೆ ಇದು ಕಾಣಿಸಬಹುದು. ಇದು ಸುಳ್ಳು ಎಚ್ಚರಿಕೆಯಲ್ಲ, ಸರಿಯಾದ ಪತ್ತೆಯೇ. ಕ್ರ್ಯಾಕ್ ಜೊತೆ ಪಾಸ್‌ವರ್ಡ್ ಕಳ್ಳರೂ ಬರುವುದುಂಟು. 'ಇನ್‌ಸ್ಟಾಲ್ ಮಾಡುವ ಮೊದಲು ಆಂಟಿವೈರಸ್ ಆಫ್ ಮಾಡಿ' ಎನ್ನುವ ಫೈಲನ್ನು ಪರೀಕ್ಷಿಸುತ್ತಾ ಕೂರಬೇಡಿ, ಬಿಸಾಡಿ.

ಅನುಮಾನ ಉಳಿದರೆ ವೈರಸ್‌ಟೋಟಲ್: ಒಂದೇ ಫೈಲನ್ನು ಹಲವು ಆಂಟಿವೈರಸ್‌ಗಳಿಂದ ಪರೀಕ್ಷಿಸಿ ವರದಿ ಕೊಡುವ ವೆಬ್‌ಸೈಟ್. ಪವರ್‌ಶೆಲ್‌ನಲ್ಲಿ (ಆದೇಶ ಟೈಪ್ ಮಾಡುವ ವಿಂಡೋಸ್ ಕಿಟಕಿ) 'ಗೆಟ್-ಫೈಲ್‌ಹ್ಯಾಶ್' ಜೊತೆ ಫೈಲಿನ ವಿಳಾಸ ಕೊಟ್ಟರೆ ಸಿಗುವ, ಫೈಲಿನ ಬೆರಳಚ್ಚಿನಂಥ ಎಸ್‌ಎಚ್‌ಎ-256 ಸಂಖ್ಯೆಯನ್ನು ಮೊದಲು ಅಲ್ಲಿ ಹುಡುಕಿ. ಹೆಸರಾಂತ ತಂತ್ರಾಂಶವಾದರೆ ವರದಿ ಆಗಲೇ ಇರುತ್ತದೆ. ಇಲ್ಲದಿದ್ದರೆ ಮಾತ್ರ ಅಪ್‌ಲೋಡ್ ಮಾಡಿ. ಆಧಾರ್ ಪ್ರತಿ, ಬ್ಯಾಂಕ್ ಸ್ಟೇಟ್‌ಮೆಂಟ್, ಆಫೀಸಿನ ಕಡತ ಯಾವ ಕಾರಣಕ್ಕೂ ಬೇಡ: ಅಲ್ಲಿ ಹಾಕಿದ್ದು ಬೇರೆ ಸಂಸ್ಥೆಗಳ ಕೈಗೂ ಸೇರುತ್ತದೆ. ವರದಿಯಲ್ಲಿ ಬರೀ ಸಂಖ್ಯೆ ಎಣಿಸಬೇಡಿ. ಹಲವು ಆಂಟಿವೈರಸ್‌ಗಳು ಬಿಟ್‌ಡಿಫೆಂಡರ್ ಎಂಜಿನ್ನನ್ನೇ ಬಳಸುವುದರಿಂದ ಆರು ಕಡೆ ಒಂದೇ ಹೆಸರು ಬಂದರೆ ಅದನ್ನು ಒಂದೇ ಮತ ಅನ್ನಿ. ವರ್ಷಗಳಿಂದ ಅಲ್ಲಿರುವ ಫೈಲಿಗೆ ಅಷ್ಟೇನೂ ಹೆಸರಿಲ್ಲದ ಒಂದೆರಡು ಆಂಟಿವೈರಸ್‌ಗಳ ಪತ್ತೆಯಷ್ಟೇ ಇದ್ದರೆ ಬಹುಪಾಲು ಸುಳ್ಳು. ಇವತ್ತೇ ಮೊದಲು ಕಾಣಿಸಿದ ಫೈಲಿಗೆ ಮೂರೇ ಪತ್ತೆ ಇದ್ದರೂ ಕಾಯಿರಿ, ಎರಡು ದಿನ ಬಿಟ್ಟು 'ರೀಅನಲೈಸ್' ಒತ್ತಿ. ಹೊಸ ಮಾಲ್‌ವೇರ್ (ಕೇಡು ಮಾಡುವ ತಂತ್ರಾಂಶ) ಆದರೆ ಸಂಖ್ಯೆ ಸಾಮಾನ್ಯವಾಗಿ ಏರುತ್ತದೆ, ಸುಳ್ಳಾದರೆ ಇಳಿಯುತ್ತದೆ.

ಫೈಲಿನ 'ಪ್ರಾಪರ್ಟೀಸ್'ನಲ್ಲಿ 'ಡಿಜಿಟಲ್ ಸಿಗ್ನೇಚರ್ಸ್' (ತಯಾರಕರ ಡಿಜಿಟಲ್ ಸಹಿ) ನೋಡುವುದು ಒಳ್ಳೆಯದೇ, ಆದರೆ ಅದೊಂದೇ ಸಾಲದು. 2017ರಲ್ಲಿ ಪಿಸಿಯ ಕಸ ತೆಗೆಯುವ ತಂತ್ರಾಂಶ ಸಿಕ್ಲೀನರ್ 5.33 ಅಸಲಿ ಸಹಿಯೊಂದಿಗೇ ಮಾಲ್‌ವೇರ್ ಹೊತ್ತು ಬಂದಿತ್ತು. ಇದರ ತದ್ವಿರುದ್ಧವೂ ಆಗಿದೆ: 2010ರ ಏಪ್ರಿಲ್ 21ರಂದು ಮ್ಯಾಕಫೀ ಆಂಟಿವೈರಸ್ಸಿನ ಅಪ್‌ಡೇಟ್ ವಿಂಡೋಸ್ ಎಕ್ಸ್‌ಪಿಯ ಎಸ್‌ವಿಸಿಹೋಸ್ಟ್ ಎಂಬ ಅಸಲಿ ಸಿಸ್ಟಂ ಫೈಲನ್ನೇ ವೈರಸ್ ಎಂದು ಹಿಡಿದು ಅನೇಕ ಕಂಪ್ಯೂಟರ್‌ಗಳನ್ನು ಕೆಡಿಸಿತು.

ನಿಜವಾದ ಸೋಂಕು ನಡವಳಿಕೆಯಲ್ಲಿ ಸಿಕ್ಕಿಬೀಳುತ್ತದೆ. ಅಳಿಸಿದ ಫೈಲ್ ರೀಸ್ಟಾರ್ಟ್ ಆದಮೇಲೆ ಮತ್ತೆ ಹುಟ್ಟುತ್ತದೆ. ಡಿಫೆಂಡರ್‌ನ 'ಎಕ್ಸ್‌ಕ್ಲೂಷನ್ಸ್' (ಪರೀಕ್ಷೆಯಿಂದ ವಿನಾಯಿತಿ) ಪಟ್ಟಿಯಲ್ಲಿ ನೀವು ಸೇರಿಸದ ಫೋಲ್ಡರ್ ಇರುತ್ತದೆ. ಕೆಲಸಗಳನ್ನು ತಾನಾಗಿ ಓಡಿಸುವ 'ಟಾಸ್ಕ್ ಶೆಡ್ಯೂಲರ್'ನಲ್ಲಿ 'ಆ್ಯಪ್‌ಡೇಟಾ' ಫೋಲ್ಡರಿನಿಂದ ಓಡುವ, ಅರ್ಥವಿಲ್ಲದ ಹೆಸರಿನ ಕೆಲಸ ಕಾಣುತ್ತದೆ. ಜೆರಾಕ್ಸ್ ಅಂಗಡಿಗೆ ಹೋಗಿಬಂದ ಪೆನ್‌ಡ್ರೈವ್‌ನಲ್ಲಿ ಫೋಲ್ಡರ್‌ಗಳೆಲ್ಲ ಶಾರ್ಟ್‌ಕಟ್ ಆಗಿದ್ದರೆ ಅನುಮಾನವೇ ಬೇಡ. ಅಸಲಿ ಫೈಲ್‌ಗಳು ಸಾಮಾನ್ಯವಾಗಿ ಅಳಿದಿರುವುದಿಲ್ಲ, ಅಡಗಿರುತ್ತವೆ, ಹಾಗಾಗಿ ಫಾರ್ಮ್ಯಾಟ್ ಮಾಡಬೇಡಿ.

ಸುಳ್ಳೆಂದು ಖಚಿತವಾದರೆ ಆ ಒಂದು ಫೈಲಿಗಷ್ಟೇ ವಿನಾಯಿತಿ ಕೊಡಿ, ಇಡೀ ಡೌನ್‌ಲೋಡ್ಸ್ ಫೋಲ್ಡರಿಗಲ್ಲ. ಮೈಕ್ರೋಸಾಫ್ಟಿನ ಫೈಲ್ ಸಲ್ಲಿಕೆ ಪುಟದಲ್ಲಿ ದೂರು ಹಾಕಿದರೆ ಉಳಿದವರಿಗೂ ಉಪಕಾರ. ನಿಜವಾದರೆ ಮೊದಲು ವೈಫೈ ಆಫ್, ಆಮೇಲೆ 'ಡಿಫೆಂಡರ್ ಆಫ್‌ಲೈನ್ ಸ್ಕ್ಯಾನ್' (ಸುಮಾರು 15 ನಿಮಿಷ, ಪಿಸಿ ತಾನೇ ರೀಸ್ಟಾರ್ಟ್ ಆಗುತ್ತದೆ). ಪಾಸ್‌ವರ್ಡ್‌ಗಳನ್ನು ಬೇರೆ ಸಾಧನದಿಂದ ಬದಲಿಸಿ, ಎಲ್ಲ ಕಡೆ ಲಾಗ್‌ಔಟ್ ಮಾಡಿ. ಖಾತೆಯಿಂದ ಹಣ ಹೋಗಿದ್ದರೆ ಸ್ಕ್ಯಾನ್ ಮುಗಿಯಲಿ ಎಂದು ಕಾಯದೆ ತಕ್ಷಣ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ, ಬ್ಯಾಂಕಿಗೆ ಕರೆಮಾಡಿ.